ಗೂಗಿ ವಾ ಥಿಯಾಂಗೊ

ಗೂಗಿ ವಾ ಥಿಯಾಂಗೊ (5 ಜನವರಿ 1938 – 28 ಮೇ 2025) ಕೀನ್ಯಾ ದೇಶದ ಕಾದಂಬರಿಕಾರ, ನಾಟಕಕಾರ ಮತ್ತು ಚಿಂತಕ. ಇಂಗ್ಲಿಷಿನಲ್ಲಿ ಬರೆದು ಖ್ಯಾತರಾದ ಇವರು ನಂತರ ತಮ್ಮ ತಾಯ್ನುಡಿಯಾದ ಗಿಕುಯು ಭಾಷೆಯಲ್ಲಿ ಕಥನ ಮತ್ತು ನಾಟಕಗಳನ್ನು ರಚಿಸಿದರು. ಈ ತಿರುವಿಗೆ ಮುಖ್ಯ ಪ್ರೇರಣೆಯಾದದ್ದು ಕಮಿರೀಥು ಗ್ರಾಮದ ರೈತರು ಮತ್ತು ಕಾರ್ಮಿಕರೊಡನೆ 1977ರಲ್ಲಿ ಅವರು ನಡೆಸಿದ ರಂಗಪ್ರಯೋಗ.

ಆರಂಭಿಕ ಜೀವನ

ಗೂಗಿ ಅವರು ಲಿಮುರು ಪಟ್ಟಣದ ಸಮೀಪದ ಕಮಿರೀಥುವಿನಲ್ಲಿ ಜನಿಸಿದರು. ಉಗಾಂಡಾದ ಮಕೆರೆರೆಯಲ್ಲಿ ವ್ಯಾಸಂಗ ಮಾಡುತ್ತಿದ್ದಾಗ ಬರೆದ 'ದಿ ಬ್ಲ್ಯಾಕ್ ಹರ್ಮಿಟ್' ನಾಟಕವು 1962ರಲ್ಲಿ ಕಂಪಾಲಾದಲ್ಲಿ ಪ್ರದರ್ಶನಗೊಂಡಿತು. 'ವೀಪ್ ನಾಟ್, ಚೈಲ್ಡ್' (1964) ಮತ್ತು 'ಎ ಗ್ರೇನ್ ಆಫ್ ವೀಟ್' (1967) ಕಾದಂಬರಿಗಳು ಇವರಿಗೆ ಹೆಸರು ತಂದವು. ಮೌ ಮೌ ಹೋರಾಟದ ನಾಯಕನನ್ನು ಕುರಿತ 'ದಿ ಟ್ರಯಲ್ ಆಫ್ ಡೆಡಾನ್ ಕಿಮಾಥಿ' (1976) ನಾಟಕವನ್ನು ಮಿಚೆರೆ ಗಿಥಾಯೆ ಮುಗೊ ಅವರೊಡನೆ ಸೇರಿ ಬರೆದರು.

ಕಮಿರೀಥು ರಂಗಪ್ರಯೋಗ

1976ರಲ್ಲಿ ಊರಿನ ಮಹಿಳೆಯೊಬ್ಬರ ಒತ್ತಾಯದ ಮೇರೆಗೆ ಗೂಗಿ ಅವರು ಅಲ್ಲಿನ ಸಮುದಾಯ ಶಿಕ್ಷಣ ಮತ್ತು ಸಾಂಸ್ಕೃತಿಕ ಕೇಂದ್ರದ ಕಾರ್ಯದಲ್ಲಿ ಭಾಗಿಯಾದರು. ವಯಸ್ಕರ ಅಕ್ಷರಾಭ್ಯಾಸದ ಮುಂದುವರಿಕೆಯಾಗಿ ನಾಟಕವೊಂದನ್ನು ಕಟ್ಟಲು ನಿಶ್ಚಯಿಸಲಾಯಿತು. ಗೂಗಿ ಮತ್ತು ಗೂಗಿ ವಾ ಮಿರೀ ಇಬ್ಬರೂ ಸೇರಿ 'ಗಾಹಿಕಾ ನ್ದೇಂಡಾ' (ನನಗಿಷ್ಟವಾದಾಗ ಮದುವೆಯಾಗುವೆ) ನಾಟಕದ ಕರಡನ್ನು ಸಿದ್ಧಪಡಿಸಿದರು. ಕಿಮಾನಿ ಗೆಚಾವು ನಿರ್ದೇಶಕರಾಗಿದ್ದರು.

ಒಂದೂವರೆ ಎಕರೆ ಜಮೀನಿನ ಹಕ್ಕುಪತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿಕೊಂಡಿರುವ ಕಿಗೂಂಡ ಎಂಬ ಕೂಲಿಗಾರನೇ ನಾಟಕದ ನಾಯಕ. ಚರ್ಚಿನಲ್ಲಿ ಮತ್ತೊಮ್ಮೆ ಮದುವೆಯಾಗುವಂತೆ ಶ್ರೀಮಂತ ಧಣಿಯ ಕುಟುಂಬವು ಅವನನ್ನು ಒತ್ತಾಯಿಸುತ್ತದೆ. ಅದರ ಖರ್ಚಿಗೆಂದು ಜಮೀನನ್ನು ಅಡವಿಟ್ಟು ಪಡೆದ ಸಾಲದಿಂದ ಅವನು ನೆಲವನ್ನೇ ಕಳೆದುಕೊಳ್ಳುತ್ತಾನೆ.

ಕರಡನ್ನು ಬಹಿರಂಗವಾಗಿ ಓದಲಾಯಿತು. ತಾಲೀಮುಗಳೂ ಬಯಲಿನಲ್ಲಿಯೇ ನಡೆದವು. ಪಾತ್ರಗಳ ಮಾತು ಅವರವರ ವಯಸ್ಸಿಗೆ ತಕ್ಕಂತಿಲ್ಲವೆಂದು ಹಿರಿಯರು ಸಂಭಾಷಣೆಯನ್ನು ತಿದ್ದಿದರು. ಕಾರ್ಖಾನೆ ಹಾಗೂ ತೋಟಗಳ ಕೂಲಿಗಾರರು ದುಡಿಮೆಯ ವಿವರಗಳನ್ನು ಒದಗಿಸಿದರು. ಹಿಂದೆ ಮೌ ಮೌ ಹೋರಾಟಗಾರರಿಗೆ ಬಂದೂಕು ತಯಾರಿಸಿಕೊಟ್ಟಿದ್ದ ವ್ಯಕ್ತಿಯೇ ನಾಟಕಕ್ಕೆ ಬೇಕಾದ ಆಟಿಕೆ ಬಂದೂಕುಗಳನ್ನು ಮಾಡಿಕೊಟ್ಟನು. ಸುಮಾರು 2000 ಪ್ರೇಕ್ಷಕರು ಕೂರಬಲ್ಲ ಬಯಲು ರಂಗಮಂದಿರವನ್ನು ಗ್ರಾಮಸ್ಥರೇ ನಿರ್ಮಿಸಿದರು. ಹೀಗೆ ನಾಟಕವು ಲೇಖಕರಿಬ್ಬರ ಕೃತಿಯಾಗಿ ಉಳಿಯದೆ ಇಡೀ ಊರಿನ ಕೃತಿಯಾಯಿತು.

ನಿಷೇಧ ಮತ್ತು ಸೆರೆವಾಸ

2 ಅಕ್ಟೋಬರ್ 1977ರಂದು ಆರಂಭವಾದ ಪ್ರದರ್ಶನಗಳನ್ನು ಸರ್ಕಾರವು ನವೆಂಬರ್ 16ರಂದು ನಿಷೇಧಿಸಿತು. ವರ್ಷಾಂತ್ಯದಲ್ಲಿ ಗೂಗಿ ಅವರನ್ನು ಬಂಧಿಸಿ, ವಿಚಾರಣೆಯಿಲ್ಲದೆ ಕಮಿಟಿ ಬಿಗಿಭದ್ರತಾ ಕಾರಾಗೃಹದಲ್ಲಿ ಇರಿಸಲಾಯಿತು. ಅದೇ ವರ್ಷ ಪ್ರಕಟವಾದ 'ಪೆಟಲ್ಸ್ ಆಫ್ ಬ್ಲಡ್' ಕಾದಂಬರಿಯೂ ಸ್ವತಂತ್ರ ಕೀನ್ಯಾದ ಆಳುವ ವರ್ಗವನ್ನು ಕಟುವಾಗಿ ಟೀಕಿಸುತ್ತದೆ. ಆದರೆ ಇಂಗ್ಲಿಷಿನಲ್ಲಿದ್ದ ಆ ಕಾದಂಬರಿಯನ್ನು ಸಚಿವ ಮ್ವಾಯ್ ಕಿಬಾಕಿ ಅವರೇ ಬಿಡುಗಡೆ ಮಾಡಿದ್ದರು. ಅದೇ ಬಗೆಯ ಟೀಕೆಯನ್ನು ಜನರು ತಮ್ಮ ನುಡಿಯಲ್ಲಿ ತಾವೇ ಅಭಿನಯಿಸಿದಾಗ ಮಾತ್ರ ಅದು ಅಪಾಯಕಾರಿಯೆನಿಸಿತು.

ಸೆರೆಮನೆಯಲ್ಲಿ ಗೂಗಿ ಅವರು ಶೌಚಕಾಗದದ ಮೇಲೆ ತಮ್ಮ ಮೊದಲ ಗಿಕುಯು ಕಾದಂಬರಿ 'ಕೈತಾನಿ ಮುಥರಬಾಇನಿ'ಯನ್ನು (ಶಿಲುಬೆಯ ಮೇಲಿನ ಸೈತಾನ) ಬರೆದರು. ಡಿಸೆಂಬರ್ 1978ರಲ್ಲಿ ಅವರ ಬಿಡುಗಡೆಯಾಯಿತು. 1980ರಲ್ಲಿ ಪ್ರಕಟವಾದ ಈ ಕಾದಂಬರಿಯನ್ನು ಮನೆಗಳಲ್ಲಿಯೂ ಮದ್ಯದಂಗಡಿಗಳಲ್ಲಿಯೂ ಒಬ್ಬರು ಗಟ್ಟಿಯಾಗಿ ಓದಿ ಇತರರು ಕೇಳುತ್ತಿದ್ದರು.

ಎರಡನೆಯ ಪ್ರಯೋಗ ಮತ್ತು ದೇಶಾಂತರ

ವಸಾಹತು ಕಾಲದ ಕಾರ್ಮಿಕರ ಬದುಕನ್ನು ಕುರಿತ 'ಮೈತು ಜುಗೀರ' (ತಾಯೇ, ನನಗಾಗಿ ಹಾಡು) ಎಂಬ ಸಂಗೀತ ನಾಟಕದಲ್ಲಿ ಕೀನ್ಯಾದ ಹಲವು ಭಾಷೆಗಳ ಹಾಡುಗಳಿದ್ದವು. ಫೆಬ್ರವರಿ 1982ರಲ್ಲಿ ಇದರ ಪ್ರದರ್ಶನಕ್ಕೆ ರಾಷ್ಟ್ರೀಯ ರಂಗಮಂದಿರದಲ್ಲಿ ಅವಕಾಶ ದೊರೆಯಲಿಲ್ಲ. ನೈರೋಬಿ ವಿಶ್ವವಿದ್ಯಾಲಯದಲ್ಲಿ ನಡೆದ ತಾಲೀಮುಗಳನ್ನೇ ಸಾವಿರಾರು ಜನ ವೀಕ್ಷಿಸಿದರು. ಮಾರ್ಚ್ ತಿಂಗಳಲ್ಲಿ ಸರ್ಕಾರವು ಕೇಂದ್ರದ ಪರವಾನಗಿಯನ್ನು ರದ್ದುಪಡಿಸಿತು. ಪೊಲೀಸರು ಬಯಲು ರಂಗಮಂದಿರವನ್ನು ನೆಲಸಮ ಮಾಡಿದರು. ಅದೇ ವರ್ಷ ಗೂಗಿ ಅವರ ದೀರ್ಘ ದೇಶಾಂತರವಾಸವು ಆರಂಭವಾಯಿತು. ಗೂಗಿ ವಾ ಮಿರೀ ಮತ್ತು ಕಿಮಾನಿ ಗೆಚಾವು ಜಿಂಬಾಬ್ವೆಗೆ ತೆರಳಿ, ಅಲ್ಲಿ ಸಮುದಾಯ ರಂಗಭೂಮಿಯ ಕಾರ್ಯವನ್ನು ಮುಂದುವರಿಸಿದರು.

ಪ್ರಭಾವ

ಕಮಿರೀಥುವಿನ ಅನುಭವವನ್ನು ಗೂಗಿ ಅವರು 'ಡಿಕಾಲನೈಸಿಂಗ್ ದಿ ಮೈಂಡ್' (1986) ಕೃತಿಯಲ್ಲಿ ವಿಶ್ಲೇಷಿಸಿದ್ದಾರೆ. ಭಾಷೆ ಮತ್ತು ವಸಾಹತುಶಾಹಿಯ ಸಂಬಂಧವನ್ನು ಕುರಿತ ಚರ್ಚೆಗಳಲ್ಲಿ ಇದು ಪ್ರಮುಖ ಗ್ರಂಥವಾಗಿದೆ. 'ಗಾಹಿಕಾ ನ್ದೇಂಡಾ' ನಾಟಕವು 2022ರಲ್ಲಿ ನೈರೋಬಿಯ ರಾಷ್ಟ್ರೀಯ ರಂಗಮಂದಿರದಲ್ಲಿ ಪ್ರದರ್ಶನಗೊಂಡಿತು.