ಕಾಶಿಯ ಗಲ್ಲಿಯಲ್ಲಿ ನೀಲಿ ಚುಕ್ಕೆ

ವಾರಾಣಸಿ ಕ್ಯಾಂಟ್ ನಿಲ್ದಾಣದಲ್ಲಿ ಇಳಿದು, ಶೇರ್ ಆಟೊ ಹತ್ತಿ ಗೊದೋಲಿಯಾ ಚೌಕದ ಕಡೆಗೆ ಬರುವುದೇನೂ ಕಷ್ಟವಲ್ಲ. ಕರ್ನಾಟಕದಿಂದ ಒಬ್ಬರೇ ಹೊರಟವರು, ಕೈ ಬಿಗಿಹಿಡಿದು ಖರ್ಚು ಮಾಡುವವರು, ಅಲ್ಲಿಂದ ಜಂಗಮವಾಡಿ ಮಠಕ್ಕೋ ಘಾಟಿನ ಬದಿಯ ಅಗ್ಗದ ಕೋಣೆಗೋ ನಡೆದೇ ಹೋಗುತ್ತಾರೆ. ಪರೀಕ್ಷೆ ಶುರುವಾಗುವುದು ಆಮೇಲೆ. ವಿಶ್ವನಾಥನ ಗುಡಿಯ ಆಸುಪಾಸಿನ ಗಲ್ಲಿಗಳಲ್ಲಿ ನಾಲ್ಕು ತಿರುವು ದಾಟುವಷ್ಟರಲ್ಲಿ ಮೊಬೈಲಿನ ನೀಲಿ ಚುಕ್ಕೆ ಗೋಡೆ ಹಾರಿ ಪಕ್ಕದ ಗಲ್ಲಿಯಲ್ಲಿ ಕೂತಿರುತ್ತದೆ.

ನೆಟ್‌ವರ್ಕ್ ಸರಿಯಿಲ್ಲವೆಂದು ಬೈಯುವವರೇ ಹೆಚ್ಚು. ನಕ್ಷೆಯ ಚಿತ್ರ ತೆರೆದುಕೊಳ್ಳಲು ನೆಟ್‌ವರ್ಕ್ ಬೇಕು, ನಿಜ. ನೀವು ನಿಂತ ಜಾಗದ ಲೆಕ್ಕಕ್ಕೆ ಬೇಕಾದದ್ದು ಆಕಾಶ. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತಿವೆ. ಕನಿಷ್ಠ ನಾಲ್ಕರ ಸಂಕೇತ ಸಿಕ್ಕರೆ, ಒಂದೊಂದೂ ಎಷ್ಟು ಹೊತ್ತಿನಲ್ಲಿ ಬಂತು ಎಂಬುದರಿಂದ ಮೊಬೈಲು ದೂರ ಅಳೆಯುತ್ತದೆ. ಗಲ್ಲಿಯಲ್ಲಿ ತಲೆಯೆತ್ತಿದರೆ ಕಾಣುವುದು ಪಟ್ಟಿಯಷ್ಟು ಆಕಾಶ. ನೇರವಾಗಿ ಬರಬೇಕಾದ ಸಂಕೇತ ಮನೆಗಳಿಗೆ ತಡೆದುಹೋಗಿ, ಎದುರಿನ ಗೋಡೆಗೆ ಬಡಿದದ್ದು ಸುತ್ತಿಬಳಸಿ ಬರುತ್ತದೆ. ಹೀಗೆ ಬರೀ 15 ಮೀಟರ್ ಹೆಚ್ಚು ದಾರಿ ಸವೆಸಿದರೆ ಆಗುವ ತಡ ಸೆಕೆಂಡಿನ 2 ಕೋಟಿಯಲ್ಲೊಂದು ಪಾಲು. ಪಾಪದ ಯಂತ್ರ ಅದನ್ನೂ ನೇರ ದಾರಿಯೆಂದೇ ನಂಬಿ ಲೆಕ್ಕ ಹಾಕುತ್ತದೆ.

ನಮ್ಮ ತಲೆಯೊಳಗಿನ ಏರ್ಪಾಡಿಗೆ ಉಪಗ್ರಹದ ಹಂಗಿಲ್ಲ. ಲಂಡನ್ನಿನ ಜಾನ್ ಓಕೀಫ್ 1971ರಲ್ಲಿ ಇಲಿಯ ಮಿದುಳಿನ ಹಿಪೊಕ್ಯಾಂಪಸ್ ಎಂಬ ಭಾಗದಲ್ಲಿ ವಿಚಿತ್ರ ಕೋಶಗಳನ್ನು ಕಂಡರು: ಇಲಿ ಒಂದು ಗೊತ್ತಾದ ಮೂಲೆಗೆ ಬಂದಾಗ ಒಂದು ಕೋಶ ಚುರುಕಾಗುತ್ತದೆ, ಇನ್ನೊಂದು ಜಾಗಕ್ಕೆ ಹೋದಾಗ ಇನ್ನೊಂದು. 2005ರಲ್ಲಿ ನಾರ್ವೆಯ ಮೇ-ಬ್ರಿಟ್ ಮತ್ತು ಎಡ್ವರ್ಡ್ ಮೋಸರ್ ಅದರ ಪಕ್ಕದ ಭಾಗದಲ್ಲಿ ಮತ್ತೊಂದು ಬಗೆಯ ಕೋಶಗಳನ್ನು ಪತ್ತೆಮಾಡಿದರು. ಇವು ನೆಲದ ಮೇಲೆ ಷಟ್ಕೋನಗಳ ರಂಗೋಲಿ ಚುಕ್ಕಿ ಇಟ್ಟಂತೆ ಸಮಾನ ಅಂತರದಲ್ಲಿ ಮಿಡಿಯುತ್ತ, ನಡೆದ ದೂರ ಮತ್ತು ದಿಕ್ಕಿನ ಲೆಕ್ಕಕ್ಕೆ ನೆರವಾಗುತ್ತವೆ. ಮೂವರಿಗೂ 2014ರ ನೊಬೆಲ್ ಬಂತು.

ಈ ಏರ್ಪಾಡು ಕೆಲಸ ಕೊಟ್ಟರೆ ಮಾತ್ರ ದುಡಿಯುತ್ತದೆ. ಲಂಡನ್ನಿನ ಸೋಹೊ ಬಡಾವಣೆಯನ್ನು ಪರದೆಯ ಮೇಲೆ ತೋರಿಸಿ 24 ಮಂದಿಯ ಮಿದುಳನ್ನು ಸ್ಕ್ಯಾನ್ ಮಾಡಿದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ದಾರಿಯನ್ನು ತಾವೇ ಹುಡುಕುವಾಗ, ಹಲವು ಕವಲುಗಳ ಬೀದಿಗೆ ಕಾಲಿಟ್ಟೊಡನೆ ಹಿಪೊಕ್ಯಾಂಪಸ್ ಚುರುಕಾಯಿತು. ‘ಎಡಕ್ಕೆ, ಬಲಕ್ಕೆ’ ಎಂಬ ಸೂಚನೆ ಪಾಲಿಸುವಾಗ ಆ ಚುರುಕು ಕಾಣಲಿಲ್ಲ. ಬಾಣದ ಗುರುತು ಹಿಡಿದು ಹೋದವರು ತಲುಪುತ್ತಾರೆ. ಮರುದಿನ ಅದೇ ಗಲ್ಲಿ ಮತ್ತೆ ಹೊಸದು. ಬೆಳೆದ ಊರೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. 38 ದೇಶಗಳ ಸುಮಾರು 4 ಲಕ್ಷ ಜನ ಆಡಿದ ಮೊಬೈಲ್ ಆಟವೊಂದರಿಂದ 2022ರಲ್ಲಿ ತಿಳಿದುಬಂದಂತೆ, ಚೌಕಳಿ ಬೀದಿಗಳ ನಗರದಲ್ಲಿ ಬೆಳೆದವರು ಅಂಕುಡೊಂಕು ದಾರಿಗಳಲ್ಲಿ ಹಿಂದೆ ಬಿದ್ದರು. ಜಯನಗರದ ಮೇನು-ಕ್ರಾಸುಗಳ ನಡುವೆ ಬೆಳೆದವರು ಕಾಶಿಯಲ್ಲಿ ಗಲಿಬಿಲಿಗೊಂಡರೆ ಅಂಥ ನಾಚಿಕೆಯೇನೂ ಬೇಡ.

ಹಾಗಾದರೆ ಹಿಡಿಯಬೇಕಾದ್ದೇನು? ನದಿ. ನಗರಗಳು ಜನರ ಮನಸ್ಸಿನಲ್ಲಿ ಹೇಗೆ ಮೂಡುತ್ತವೆ ಎಂಬುದನ್ನು 1960ರಲ್ಲಿ ವಿವರಿಸಿದ ಕೆವಿನ್ ಲಿಂಚ್, ದಾರಿ, ಕೂಡುರಸ್ತೆಗಳ ಜೊತೆಗೆ ‘ಅಂಚು’ಗಳಿಗೂ ಮಹತ್ವ ಕೊಟ್ಟಿದ್ದರು. ಕಾಶಿಗೆ ಗಂಗೆಯೇ ಅಂಚು. ಇಲ್ಲಿ ಅವಳು ಉತ್ತರಕ್ಕೆ ತಿರುಗಿ ಹರಿಯುತ್ತಾಳೆ, ಹಳೆಯ ಊರೆಲ್ಲ ಪಶ್ಚಿಮ ದಡದಲ್ಲಿದೆ. ದಶಾಶ್ವಮೇಧ ಘಾಟಿನಲ್ಲಿ ನೀರಿಗೆ ಮುಖ ಮಾಡಿ ನಿಂತರೆ ಎದುರಿಗೆ ಪೂರ್ವ, ಎಡಗೈ ಕಡೆ ಮಣಿಕರ್ಣಿಕಾ, ಬಲಗೈ ಕಡೆ ದೂರದಲ್ಲಿ ಅಸ್ಸಿ. ಇಷ್ಟು ತಲೆಯಲ್ಲಿದ್ದರೆ ಗಲ್ಲಿಯಲ್ಲಿ ಎಷ್ಟು ಸಲ ತಪ್ಪಿದರೂ ನದಿಗೆ ಇಳಿದು, ಘಾಟುಗಳ ಮೇಲೇ ನಡೆದು ಮತ್ತೆ ಮೊದಲಿನಿಂದ ಶುರುಮಾಡಬಹುದು. (ಮಳೆಗಾಲದಲ್ಲಿ ನೀರು ಮೇಲೇರಿ ಈ ಉಪಾಯವೂ ಮುಳುಗುತ್ತದೆ!)

ಇನ್ನು ಗುರುತುಗಳ ಮಾತು. ಹೋಗುವಾಗ ಕಂಡ ಗಲ್ಲಿ ಬರುವಾಗ ಬೇರೆಯೇ ಆಗಿ ತೋರುತ್ತದೆ, ಆದ್ದರಿಂದ ಪ್ರತಿ ತಿರುವಿನಲ್ಲೂ ಒಮ್ಮೆ ಹಿಂತಿರುಗಿ ನೋಡಬೇಕು. ಕಣಜಗಳೂ ಗೂಡು ಬಿಟ್ಟು ಹೊರಡುವಾಗ ಸುತ್ತಲೊಮ್ಮೆ ಹಾರಾಡಿ ನೋಡಿಕೊಳ್ಳುತ್ತವೆ. ಡಚ್ ವಿಜ್ಞಾನಿ ನಿಕೊ ಟಿನ್‌ಬರ್ಗೆನ್ ನೆಲದೊಳಗಿನ ಕಣಜದ ಗೂಡಿನ ಸುತ್ತ ಪೈನ್ ಕಾಯಿಗಳನ್ನು ಇಟ್ಟು, ಕಣಜ ಹೊರಹೋಗಿದ್ದಾಗ ಆ ಬಳೆಯನ್ನು ಸ್ವಲ್ಪ ಆಚೆ ಸರಿಸಿದರು. ಮರಳಿ ಬಂದ ಕಣಜ ಕಾಯಿಗಳ ನಡುವೆಯೇ ಇಳಿದು ಇಲ್ಲದ ಗೂಡನ್ನು ಹುಡುಕಿತು. ತಿರುವಿನಲ್ಲಿ ಮಲಗಿದ್ದ ಗೂಳಿಯನ್ನೋ ತಳ್ಳುಗಾಡಿಯ ಚಹಾದವನನ್ನೋ ಗುರುತಿಟ್ಟುಕೊಂಡು ಹೋದ ಪ್ರಯಾಣಿಕನ ಗತಿಯೂ ಸಂಜೆ ಹೊತ್ತಿಗೆ ಅದೇ.