ಕಡಲ ಮೀನಿನ ಮೇವು: ನೀರಿನಲ್ಲಿ ತೇಲುವುದು, ತಳದಲ್ಲಿ ಬೆಳೆಯುವುದು

ಹೊಲದ ಬೆಳೆ ಮಣ್ಣಿನ ಸಾರವನ್ನು ಅವಲಂಬಿಸಿರುವಂತೆ, ಮೀನಿನ ಇಳುವರಿಯು ಕಡಲಿನಲ್ಲಿ ದೊರೆಯುವ ಮೇವನ್ನು ಅವಲಂಬಿಸಿದೆ. ಕರಾವಳಿಯಲ್ಲಿ ಒಂದು ವರ್ಷ ಬೂತಾಯಿ ರಾಶಿರಾಶಿಯಾಗಿ ದೊರೆತು ಬೆಲೆ ಕುಸಿಯುತ್ತದೆ. ಮತ್ತೊಂದು ವರ್ಷ ಡೀಸೆಲ್ ಖರ್ಚೂ ಹುಟ್ಟುವುದಿಲ್ಲ. ಇಂತಹ ಏರಿಳಿತಗಳಿಗೆ ಕಾರಣಗಳು ಹಲವಾದರೂ, ಮೇವಿನ ಲಭ್ಯತೆ ಅವುಗಳಲ್ಲಿ ಮುಖ್ಯವಾದುದು. ಮೀನಿಗೆ ಕಡಲಿನಲ್ಲಿ ಎರಡು ಹುಲ್ಲುಗಾವಲುಗಳಿವೆ ಎನ್ನಬಹುದು. ಒಂದು, ತೆರೆದ ನೀರಿನಲ್ಲಿ ತೇಲುವ ಮೇವು. ಇನ್ನೊಂದು, ಕಡಲ ತಳದ ಕೆಸರು-ಮರಳಿನ ಮೇವು. ಇವೆರಡರ ಪರಿಚಯ ಪ್ರತಿಯೊಬ್ಬ ಮೀನುಗಾರನಿಗೂ ಅವಶ್ಯಕ.

ತೇಲುವ ಮೇವು

ಕಡಲ ನೀರಿನಲ್ಲಿ ಬರಿಗಣ್ಣಿಗೆ ಕಾಣದ ಅಸಂಖ್ಯಾತ ಸಸ್ಯಗಳು ತೇಲುತ್ತಿರುತ್ತವೆ. ಇವುಗಳಿಗೆ ಸಸ್ಯಪ್ಲವಕಗಳೆಂದು ಹೆಸರು. ಗಾಜಿನಂತಹ ಕವಚವುಳ್ಳ ಡಯಾಟಮ್‌ಗಳು ಇವುಗಳಲ್ಲಿ ಪ್ರಮುಖವಾದವು. ಹೊಲದ ಪೈರಿನಂತೆ ಇವುಗಳಿಗೂ ಬಿಸಿಲು ಬೇಕು, ಸಾರಜನಕ ಮತ್ತು ರಂಜಕ ಬೇಕು. ಡಯಾಟಮ್‌ಗಳಿಗೆ ಕವಚ ಕಟ್ಟಲು ಸಿಲಿಕಾ ಸಹ ಬೇಕು. ಅನುಕೂಲ ಒದಗಿದರೆ ದಿನವೊಂದರಲ್ಲಿಯೇ ಇವು ಇಮ್ಮಡಿಯಾಗಬಲ್ಲವು. ಬಿಸಿಲು ಮೇಲಿನ ನೀರಿಗೆ ಮಾತ್ರ ತಲುಪುವುದರಿಂದ ಇವುಗಳ ಬೆಳವಣಿಗೆಯೂ ಮೇಲ್ಪದರಕ್ಕೆ ಸೀಮಿತ.

ಈ ಸಸ್ಯಗಳನ್ನು ಮೇಯುವ ಕೋಪೆಪಾಡ್ ಮೊದಲಾದ ಅತಿ ಸಣ್ಣ ಪ್ರಾಣಿಗಳೂ, ಸೀಗಡಿ, ಏಡಿ, ಮೀನುಗಳ ಮರಿಗಳೂ ಪ್ರಾಣಿಪ್ಲವಕಗಳೆನಿಸುತ್ತವೆ. ಬಂಗುಡೆಯು ಸಸ್ಯಪ್ಲವಕ, ಪ್ರಾಣಿಪ್ಲವಕ ಎರಡನ್ನೂ ಸೋಸಿ ತಿನ್ನುತ್ತದೆ. ಬೂತಾಯಿ ಅಥವಾ ತಾರ್ಲೆಯ ಕಿವಿರಿನಲ್ಲಿ ಬಾಚಣಿಗೆಯಂತೆ ಒತ್ತೊತ್ತಾಗಿ ಎಳೆಗಳಿದ್ದು, ಅದು ಡಯಾಟಮ್‌ಗಳನ್ನೇ ನೇರವಾಗಿ ಸೋಸಿಕೊಳ್ಳಬಲ್ಲದು. ಪಶ್ಚಿಮ ಕರಾವಳಿಯಲ್ಲಿ ಫ್ರಜಿಲೇರಿಯಾ ಓಷಿಯಾನಿಕಾ ಎಂಬ ಡಯಾಟಮ್ ಹೇರಳವಾಗಿರುವುದು ಬೂತಾಯಿಯ ಸಮೃದ್ಧಿಯ ಸೂಚನೆ ಎಂದು ವಿಜ್ಞಾನಿಗಳು 1955ರಲ್ಲಿಯೇ ಪ್ರಕಟಿಸಿದ್ದರು.

ಮಳೆಗಾಲ: ಕಡಲಿನ ಗೊಬ್ಬರದ ಕಾಲ

ಮೇಲ್ಪದರದ ಸಾರವನ್ನು ಪ್ಲವಕಗಳು ಬಳಸಿಕೊಂಡಂತೆ ಅದು ಬರಿದಾಗುತ್ತದೆ. ಸತ್ತ ಜೀವಿಗಳೂ ಅವುಗಳ ಹಿಕ್ಕೆಯೂ ಕೆಳಗಿಳಿದು ಕೊಳೆಯುವುದರಿಂದ ಪೋಷಕಾಂಶಗಳು ಆಳದ ನೀರಿನಲ್ಲಿ ಸಂಗ್ರಹವಾಗುತ್ತವೆ. ಇವನ್ನು ಮೇಲಕ್ಕೆ ತರುವ ಕೆಲಸ ಮುಂಗಾರಿನದು. ಮುಂಗಾರು ಗಾಳಿ ಬೀಸುವಾಗ ಮೇಲಿನ ನೀರು ದಡದಿಂದ ದೂರ ಸರಿಯುತ್ತದೆ. ಅದರ ಜಾಗಕ್ಕೆ ಆಳದ ತಂಪಾದ, ಸಾರವತ್ತಾದ ನೀರು ಏರಿಬರುತ್ತದೆ. ಈ ಮೇಲೇರಿಕೆಯು ಕೇರಳದ ದಕ್ಷಿಣ ತುದಿಯಲ್ಲಿ ಮೊದಲು ತೋರಿ, ಕ್ರಮೇಣ ಉತ್ತರಕ್ಕೆ ಹಬ್ಬಿ ಕರ್ನಾಟಕದ ಕರಾವಳಿಯನ್ನು ತಲುಪುತ್ತದೆ. ನೇತ್ರಾವತಿ, ಶರಾವತಿ, ಅಘನಾಶಿನಿ, ಕಾಳಿ ಮುಂತಾದ ನದಿಗಳೂ ಇದೇ ಕಾಲದಲ್ಲಿ ಘಟ್ಟದ ಮಣ್ಣಿನ ಸಾರವನ್ನು ಹೊತ್ತು ತರುತ್ತವೆ. ಹೀಗೆ ಗೊಬ್ಬರ ಬಿದ್ದ ಕಡಲಿನಲ್ಲಿ ಡಯಾಟಮ್‌ಗಳು ಹುಲುಸಾಗಿ ಬೆಳೆಯುತ್ತವೆ. ಬೂತಾಯಿ ಮೊಟ್ಟೆಯಿಡುವುದೂ ಹೆಚ್ಚಾಗಿ ಇದೇ ತಿಂಗಳುಗಳಲ್ಲಿ. ಮರಿಗಳು ಹೊರಬರುವ ಹೊತ್ತಿಗೆ ಮೇವು ಸಿದ್ಧವಾಗಿದ್ದರೆ ಅವು ಬದುಕುತ್ತವೆ. ಮೇವು ತಡವಾದರೆ ಬಹುಪಾಲು ನಾಶವಾಗುತ್ತವೆ.

ಮೇಲೇರುವ ನೀರಿಗೆ ಒಂದು ದೋಷವೂ ಉಂಟು. ಅದರಲ್ಲಿ ಆಮ್ಲಜನಕ ಕಡಿಮೆ. ಆದುದರಿಂದ ಆ ದಿನಗಳಲ್ಲಿ ತಳದ ಮೀನುಗಳು ಉಸಿರಾಟಕ್ಕೆ ಅನುಕೂಲವಾದ ಕಡೆಗೆ ಸರಿಯುತ್ತವೆ.

ತಳದ ಮೇವು

ಮೇಲಿನ ನೀರಿನಿಂದ ಉದುರುವ ಕೊಳೆಯೇ ತಳಕ್ಕೆ ಗೊಬ್ಬರ. ಬ್ಯಾಕ್ಟೀರಿಯಾಗಳು ಅದನ್ನು ಕೊಳೆಸುತ್ತವೆ. ಕೊಳೆಯನ್ನೂ ಬ್ಯಾಕ್ಟೀರಿಯಾಗಳನ್ನೂ ತಿಂದು ಕೆಸರುಹುಳುಗಳು, ಚಿಪ್ಪುಜೀವಿಗಳು, ಸಣ್ಣ ಏಡಿಗಳು ಬೆಳೆಯುತ್ತವೆ. ಇವೇ ತಳವಾಸಿ ಜೀವಿಗಳು. ಎರೆಹುಳು ಹೊಲದ ಮಣ್ಣನ್ನು ಸಡಿಲಿಸುವಂತೆ ಕೆಸರುಹುಳುಗಳು ತಳದ ಮಣ್ಣಿನಲ್ಲಿ ಬಿಲ ಕೊರೆದು ಆಮ್ಲಜನಕ ಒಳಗಿಳಿಯುವಂತೆ ಮಾಡುತ್ತವೆ. ಪೋಷಕಾಂಶಗಳು ಮತ್ತೆ ನೀರಿಗೆ ಸೇರಲೂ ನೆರವಾಗುತ್ತವೆ. ಹೀಗೆ ಎರಡು ಹುಲ್ಲುಗಾವಲುಗಳೂ ಒಂದನ್ನೊಂದು ಪೋಷಿಸುತ್ತವೆ.

ನಂಗು ಮೀನಿನ ಮುಖ್ಯ ಆಹಾರ ಈ ಕೆಸರುಹುಳುಗಳೇ. ಕಾಣೆ ಮೀನು ಹುಳುಗಳನ್ನೂ ಸಣ್ಣ ಸೀಗಡಿಗಳನ್ನೂ ಹುಡುಕಿ ತಿನ್ನುತ್ತದೆ. ಸೀಗಡಿಗಳು ಕೊಳೆತ ವಸ್ತುವಿನೊಡನೆ ತಳದ ಸಣ್ಣ ಜೀವಿಗಳನ್ನು ತಿಂದು ಬೆಳೆಯುತ್ತವೆ. ಅಳಿವೆಗಳೂ ಕಾಂಡ್ಲಾ ಗಿಡಗಳಿರುವ ಹಿನ್ನೀರುಗಳೂ ಹಲವು ಜಾತಿಯ ಸೀಗಡಿ-ಮೀನು ಮರಿಗಳ ಸಸಿಮಡಿಗಳಿದ್ದಂತೆ. ಅಲ್ಲಿ ಉದುರಿ ಕೊಳೆಯುವ ಎಲೆಗಳೂ ಮೇವಿನ ಮೂಲವೇ.

ಮೇವಿನ ಲೆಕ್ಕ

ಒಂದು ಜೀವಿ ಮತ್ತೊಂದನ್ನು ತಿಂದಾಗ, ತಿಂದುದರ ಸುಮಾರು ಹತ್ತನೆಯ ಒಂದು ಭಾಗ ಮಾತ್ರ ಮೈಗೂಡುತ್ತದೆ ಎಂಬುದು ಸಾಮಾನ್ಯ ಅಂದಾಜು. ಉಳಿದುದು ಉಸಿರಾಟ, ಓಡಾಟ, ವಿಸರ್ಜನೆಗಳಲ್ಲಿ ಕಳೆದುಹೋಗುತ್ತದೆ. ಇದರ ಪ್ರಕಾರ 1,000 ಕಿಲೋ ಸಸ್ಯಪ್ಲವಕದಿಂದ 100 ಕಿಲೋ ಪ್ರಾಣಿಪ್ಲವಕ, ಅದರಿಂದ 10 ಕಿಲೋ ಸಣ್ಣ ಮೀನು, ಅದರಿಂದ 1 ಕಿಲೋ ಅಂಜಲ್ ದೊರೆತಂತೆ. ನೇರವಾಗಿ ಸಸ್ಯಪ್ಲವಕವನ್ನೇ ಮೇಯುವ ಬೂತಾಯಿಗೆ ನಡುವಿನ ನಷ್ಟ ಕಡಿಮೆ. ಅದು ಅಗ್ಗವಾಗಿ, ಹೇರಳವಾಗಿ ದೊರೆಯಲು ಇದೂ ಒಂದು ಕಾರಣ. ಆದರೆ ಮೇವಿನಲ್ಲಿ ಏರುಪೇರಾದರೆ ಪೆಟ್ಟು ತಿನ್ನುವುದೂ ಅದೇ.

ನೆರೆಯ ಕೇರಳದ ಅನುಭವ ಇದಕ್ಕೆ ಸಾಕ್ಷಿ. ಅಲ್ಲಿ 2012ರಲ್ಲಿ 4 ಲಕ್ಷ ಟನ್ನಿನ ಸಮೀಪವಿದ್ದ ಬೂತಾಯಿ ಇಳುವರಿ 2021ರಲ್ಲಿ 3,500 ಟನ್ನಿಗಿಂತಲೂ ಕೆಳಗಿಳಿಯಿತು. ಕಡಲಿನ ಬಿಸಿ ಮತ್ತು ಮೇವಿನಲ್ಲಿನ ಬದಲಾವಣೆಯೊಡನೆ, ಮರಿಗಳನ್ನೂ ಬಿಡದೆ ಅತಿಯಾಗಿ ಹಿಡಿದುದನ್ನು ವಿಜ್ಞಾನಿಗಳು ಕಾರಣವಾಗಿ ಗುರುತಿಸಿದ್ದಾರೆ. 2023ರ ವೇಳೆಗೆ ಇಳುವರಿ ಮತ್ತೆ 1 ಲಕ್ಷ ಟನ್ ದಾಟಿತು. ಹವೆಯನ್ನು ಮೀನುಗಾರನು ತಡೆಯಲಾರ. ಮರಿಗಳನ್ನು ಉಳಿಸುವುದು ಮಾತ್ರ ಅವನ ಕೈಯಲ್ಲಿದೆ.

ಮೀನುಗಾರರು ಗಮನಿಸಬೇಕಾದ ಅಂಶಗಳು

1. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳಿಗಿರುವ 61 ದಿನಗಳ ನಿಷೇಧವನ್ನು ತಪ್ಪದೆ ಪಾಲಿಸಬೇಕು. ಮೇವು ಹುಟ್ಟುವ, ಹಲವು ಮೀನುಗಳು ಮೊಟ್ಟೆಯಿಡುವ ಕಾಲವಿದು.

2. ಟ್ರಾಲ್ ಬಲೆಯ ಭಾರವಾದ ಹಲಗೆಗಳು ತಳವನ್ನು ಕೆದಕಿದಾಗ ಹುಳು, ಚಿಪ್ಪುಗಳ ನೆಲೆ ಹಾಳಾಗುತ್ತದೆ. ಕಡಲ ತಳವನ್ನು ಉತ್ತರೆ ಒಳ್ಳೆಯದೆಂದು ಕೆಲವರು ವಾದಿಸುವುದುಂಟು. ಪೈರು ನಿಂತ ಗದ್ದೆಯಲ್ಲಿ ಯಾವ ರೈತನೂ ನೇಗಿಲು ಹೂಡುವುದಿಲ್ಲ. ಒಂದೇ ಜಾಗದಲ್ಲಿ ದಿನವೂ ಬಲೆ ಎಳೆಯದಿರುವುದು ಲೇಸು.

3. ಟ್ರಾಲ್ ಬಲೆಯ ಚೀಲಕ್ಕೆ 35 ಮಿ.ಮೀ.ಗಿಂತ ಸಣ್ಣದಲ್ಲದ ಚೌಕ ಕಣ್ಣುಗಳಿದ್ದರೆ ಮರಿಗಳು ಪಾರಾಗುತ್ತವೆ. ಎರಡು ದೋಣಿಗಳಿಂದ ಎಳೆಯುವ ಬುಲ್ ಟ್ರಾಲಿಂಗ್ ಮತ್ತು ಎಲ್‌ಇಡಿ ಬೆಳಕಿನ ಮೀನುಗಾರಿಕೆಯನ್ನು ಕೇಂದ್ರ ಸರ್ಕಾರ 2017ರಲ್ಲಿ ನಿಷೇಧಿಸಿದೆ.

4. ನೀರಿನ ಬಣ್ಣವನ್ನು ಗಮನಿಸಬೇಕು. ಬೇಸಿಗೆಯ ಮೊದಲಲ್ಲಿ ಮರದ ಹುಡಿ ಚೆಲ್ಲಿದಂತೆ ಕಾಣುವುದು ಟ್ರೈಕೊಡೆಸ್ಮಿಯಮ್ ಎಂಬ ಪ್ಲವಕ. ರಾತ್ರಿ ಮಿನುಗುವ ನಾಕ್ಟಿಲೂಕಾ ದಟ್ಟವಾಗಿ ಬೆಳೆದ ಕಡೆಯಿಂದ ಮೀನಿನ ಗುಂಪುಗಳು ದೂರ ಸರಿಯುವುದುಂಟು.

5. ಹೈದರಾಬಾದಿನ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರವು ನೀರಿನ ಹಸಿರು ಮತ್ತು ಉಷ್ಣತೆಯನ್ನು ಉಪಗ್ರಹದಿಂದ ಅಳೆದು, ಮೀನು ಸಿಗಬಹುದಾದ ತಾಣಗಳನ್ನು ಕನ್ನಡದಲ್ಲಿಯೂ ತಿಳಿಸುತ್ತದೆ. ಇದರಿಂದ ಹುಡುಕಾಟದ ಖರ್ಚು ಉಳಿಯುತ್ತದೆ. ಉಪಗ್ರಹಕ್ಕೆ ತಳದ ಮೇವು ಕಾಣದೆಂಬುದನ್ನು ಮರೆಯಬಾರದು.

6. ಅಳಿವೆಗಳಿಗೆ ಕಸ, ಪ್ಲಾಸ್ಟಿಕ್, ಸುಟ್ಟ ಎಣ್ಣೆ ಸುರಿಯಬಾರದು. ಕಾಂಡ್ಲಾ ಗಿಡಗಳನ್ನು ಕಡಿಯಬಾರದು.

ರೈತನು ಬಿತ್ತನೆಗೆಂದು ಬೀಜವನ್ನು ತೆಗೆದಿಡುತ್ತಾನೆ. ಹಸಿವಾದರೂ ಅದನ್ನು ಮುಟ್ಟುವುದಿಲ್ಲ. ಕಡಲಿನಲ್ಲಿ ಮರಿಯೇ ಬೀಜ, ಪ್ಲವಕ ಮತ್ತು ತಳದ ಕೆಸರೇ ಭೂಮಿ. ಇವನ್ನು ಕಾಪಾಡಿಕೊಂಡರೆ ಬರುವ ವರ್ಷಗಳಲ್ಲಿಯೂ ಬಲೆ ತುಂಬೀತು.