ನಿಮಗಿದು ಗೊತ್ತೆ? ಚೌಕವನ್ನು ಇಮ್ಮಡಿಸುವ ಹಗ್ಗ

10 ಅಡಿ ಉದ್ದ, 10 ಅಡಿ ಅಗಲದ ಚೌಕದ ಅಂಗಳ. ಅದರ ಎರಡರಷ್ಟು ವಿಸ್ತೀರ್ಣ ಬೇಕು, ಆಕಾರ ಮಾತ್ರ ಚೌಕವೇ ಆಗಿರಬೇಕು. ಬಾಹುವನ್ನು 20 ಅಡಿ ಮಾಡಿದರೆ ಅಂಗಳ ನಾಲ್ಕು ಪಟ್ಟಾಗಿಬಿಡುತ್ತದೆ! ಮೂಲೆಯಿಂದ ಎದುರು ಮೂಲೆಗೆ ಹಗ್ಗ ಹಿಡಿಯಿರಿ. ಆ ಕರ್ಣವೇ ಹೊಸ ಚೌಕದ ಬಾಹು. ಪೈಥಾಗೊರಸ್ ಪ್ರಮೇಯದಂತೆ 100+100=200; ಕರ್ಣ ಸುಮಾರು 14.14 ಅಡಿ.

ಈ ಉಪಾಯ ಪೈಥಾಗೊರಸ್ ಹೆಸರು ಹೇಳದೆಯೇ ಬೌಧಾಯನ ಶುಲ್ಬಸೂತ್ರದಲ್ಲಿದೆ. ಯಜ್ಞವೇದಿಗಳನ್ನು ಅಳತೆಗೆ ತಕ್ಕಂತೆ ಕಟ್ಟಲು ಹುಟ್ಟಿದ ಗ್ರಂಥವದು. ‘ಶುಲ್ಬ’ ಎಂದರೇ ಹಗ್ಗ. ಇಮ್ಮಡಿ ಚೌಕ ಕೊಡುವ ಆ ಕರ್ಣಕ್ಕೆ ‘ದ್ವಿಕರಣಿ’ ಎಂದು ಹೆಸರು. ಅದರ ಉದ್ದಕ್ಕೂ ಲೆಕ್ಕವಿದೆ: ಬಾಹುವಿಗೆ ಅದರ ಮೂರನೇ ಒಂದು ಭಾಗ ಕೂಡಿಸಿ, ಆ ಭಾಗದ ನಾಲ್ಕನೇ ಒಂದನ್ನೂ ಕೂಡಿಸಿ, ಕೊನೆಗೆ ಆ ನಾಲ್ಕನೇ ಒಂದರ 34ನೇ ಒಂದು ಭಾಗವನ್ನು ಕಳೆಯಿರಿ. ಬಾಹು 1 ಆದರೆ ಬರುವ ಉತ್ತರ 577/408, ಅಂದರೆ ಸುಮಾರು 1.414216; 2ರ ವರ್ಗಮೂಲ ಸುಮಾರು 1.414214. ನಮ್ಮ 10 ಅಡಿ ಅಂಗಳದಲ್ಲಿ ಇದರಿಂದಾಗುವ ವ್ಯತ್ಯಾಸ ಒಂದು ಕೂದಲೆಳೆಯ ದಪ್ಪಕ್ಕಿಂತಲೂ ಕಡಿಮೆ. ಹಗ್ಗ, ಗೂಟಗಳ ಕಾಲದಲ್ಲಿ ಇಂಥ ನಿಖರತೆ!

ಬೇರೆ ಬೇರೆ ಅಳತೆಯ ಎರಡು ಚೌಕಗಳನ್ನು ಒಂದಾಗಿಸಲೂ ಇದೇ ದಾರಿ. ಎರಡರ ಬಾಹುಗಳಿಂದ ಒಂದು ಆಯತ ಮಾಡಿ, ಅದರ ಕರ್ಣದ ಮೇಲೆ ಚೌಕ ಕಟ್ಟಿದರಾಯಿತು.